ಮಾರಾಟಕ್ಕೆ ನಿಂತ ವಾಡೆಗಳು

ಮನೆಯನ್ನು ಮಾರುವದು ಲೋಕದಲ್ಲಿ ಹೊಸ ಸಂಗತಿಯಲ್ಲ. ಋಣ, ವಿಭಾಗ, ದೂರದ ಉದ್ಯೋಗ, ಮಕ್ಕಳ ವಿದ್ಯಾಭ್ಯಾಸ ಮೊದಲಾದ ಕಾರಣಗಳಿಂದ ಮನೆಗಳು ಒಬ್ಬರಿಂದ ಮತ್ತೊಬ್ಬರಿಗೆ ಸಲ್ಲುತ್ತಲೇ ಬಂದಿರುತ್ತವೆ. ಆದರೆ ಒಂದು ಊರಿನಲ್ಲಿ ಎಲ್ಲಕ್ಕಿಂತ ಹಳೆಯದೂ ದೊಡ್ಡದೂ ಆದ ಮನೆಯು ಮಾರಾಟಕ್ಕೆ ಬಂದಾಗ ಅದು ಒಂದು ಮನೆತನದ ವ್ಯವಹಾರವೆಂದಷ್ಟೇ ಹೇಳಿ ಸುಮ್ಮನಿರಲು ಬರುವದಿಲ್ಲ. ಮಲೆನಾಡಿನಲ್ಲಿ ಬೆಟ್ಟದ ಮೇಲಣ ತೋಟದ ಬಂಗಲೆಯು ಮಾರಾಟಕ್ಕಿದೆಯೆಂದರೆ ಕೊಳ್ಳುವವರು ಹುಡುಕಿಕೊಂಡು ಬರುವರು. ನಮ್ಮ ಬೀದರ ಸೀಮೆಯಲ್ಲಿ ಮಲೆಯಿಲ್ಲ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ಬಯಲುಸೀಮೆ ನಮ್ಮದು. ಭಾಲ್ಕಿ, ಔರಾದ ತಾಲೂಕುಗಳ ಹಳ್ಳಿಗಳಲ್ಲಿ ಮಾರಾಟಕ್ಕೆ ನಿಂತ ಹಳೆಯ ವಾಡೆಗಳನ್ನು ಕೇಳುತ್ತ ಬರುವವರು ಬಹಳವಾಗಿ ಕಟ್ಟಿಗೆಯ ವ್ಯಾಪಾರಿಗಳು. ಈ ಒಂದು ಸಂಗತಿಯನ್ನು ಕುರಿತು ವಾಚಕರೊಡನೆ, ಅದರಲ್ಲಿಯೂ ಪಿತ್ರಾರ್ಜಿತ ಮನೆಯುಳ್ಳ ಕುಟುಂಬಗಳ ಸೋದರ ಸೋದರಿಯರೊಡನೆ, ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ವಾಡೆಯೆಂಬ ಶಬ್ದವು ಸಂಸ್ಕೃತದ ‘ವಾಟ’ ಶಬ್ದದಿಂದ ಬಂದದ್ದು. ವಾಟವೆಂದರೆ ಸುತ್ತಲೂ ಆವರಣವುಳ್ಳ ಸ್ಥಳ. ಮೂಲಾರ್ಥವು ಇಲ್ಲಿಯ ವಾಡೆಗಳಲ್ಲಿ ಇಂದಿಗೂ ಸಾರ್ಥಕವಾಗಿದೆ. ಎತ್ತರವಾದ ಗೋಡೆ, ಅದರಲ್ಲೊಂದು ಹೆಬ್ಬಾಗಿಲು, ಆ ಬಾಗಿಲಿನಲ್ಲಿಯೇ ಬಾಗಿ ಒಳಹೊಗಬೇಕಾದ ದಿಡ್ಡಿ ಬಾಗಿಲು, ಒಳಗೆ ಚೌಕವಾದ ಅಂಗಳ, ಅಂಗಳದ ಸುತ್ತಲೂ ಸಾಗವಾನಿಯ ಕಂಬಗಳ ಪಡಸಾಲೆ, ಅದರ ಹಿಂದೆ ಕತ್ತಲೆಯ ಕೋಣೆಗಳು, ಒಂದು ಮೂಲೆಯಲ್ಲಿ ಬಾವಿ, ನೆಲದೊಳಗೆ ಜೋಳದ ಹಗೆವು. ಗೋಡೆಯ ಮೂಲೆಗಳಲ್ಲಿ ಬುರುಜುಗಳೂ ಇದ್ದರೆ ಅದಕ್ಕೆ ಗಢಿಯೆಂದು ಹೆಸರು. ಬೀದರ ನಗರದ ಸುತ್ತಮುತ್ತ ಕೆಂಪು ಜಂಬಿಟ್ಟಿಗೆಯ ಕಲ್ಲು. ಉತ್ತರಕ್ಕೆ ಭಾಲ್ಕಿ ಔರಾದಗಳತ್ತ ಸರಿದಂತೆ ಎರೆಯ ಭೂಮಿ, ಕರಿಯ ಕಲ್ಲು. ಆದ್ದರಿಂದ ವಾಡೆಯ ಗೋಡೆಯ ಬಣ್ಣವನ್ನು ನೋಡಿಯೇ ಯಾವ ಕಡೆಯದೆಂದು ಹೇಳಬಹುದು. ಒಳಗಿನ ವಿನ್ಯಾಸ ಮಾತ್ರ ಎಲ್ಲೆಡೆಯೂ ಒಂದೇ ಬಗೆಯದು. ಬೇಸಿಗೆಯ ನಡುಹಗಲಿನಲ್ಲಿ ಆ ಪಡಸಾಲೆಯಲ್ಲಿ ಕುಳಿತವರಿಗೆ ಮಣ್ಣಿನ ಮಾಳಿಗೆಯ ಗುಣವನ್ನು ಬೇರೆ ಹೇಳಬೇಕಾಗಿಲ್ಲ.

ಈ ವಾಡೆಗಳನ್ನು ಕಟ್ಟಿಸಿದವರು ದೇಶಮುಖರು, ದೇಶಪಾಂಡೆಯರು, ಜಹಗೀರದಾರರು, ದೊಡ್ಡ ಹಿಡುವಳಿಯ ಪಾಟೀಲರು. ನಿಜಾಮನ ಸಂಸ್ಥಾನದಲ್ಲಿ ಕಂದಾಯವನ್ನು ಎತ್ತುವ ಕಾರ್ಯವು ದೇಶಮುಖ ದೇಶಪಾಂಡೆಯರ ಕೈಯಲ್ಲಿ ಬಹುಕಾಲ ಇದ್ದಿತು. 1860ರ ದಶಕದಲ್ಲಿ ಮೊದಲನೆಯ ಸಾಲಾರ್ ಜಂಗರು ಜಿಲ್ಲೆಗಳ ವ್ಯವಸ್ಥೆಯನ್ನು ಏರ್ಪಡಿಸಿ, ಆ ಅಧಿಕಾರವನ್ನು ತೆಗೆದು, ಪ್ರತಿಯಾಗಿ ರುಸುಮು ಎಂಬ ನಗದು ಕಾಣಿಕೆಯನ್ನು ಗೊತ್ತುಮಾಡಿದರು. ಅಧಿಕಾರ ಹೋದರೂ ಭೂಮಿ ಉಳಿಯಿತು. ಭೂಮಿಯಿರುವವರೆಗೆ ವಾಡೆಗೆ ಕೊರತೆಯಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನವು ಭಾರತದಲ್ಲಿ ಸೇರಿತು. 1949ರ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. 1956ರ ನವೆಂಬರ 1ರಂದು ಬೀದರ ಜಿಲ್ಲೆಯೇ ಮೂರು ಭಾಗವಾಗಿ, ಉದಗೀರ, ನಿಲಂಗಾ, ಅಹಮದಪುರಗಳು ಒಂದು ಕಡೆಗೆ, ಜಹೀರಾಬಾದು ನಾರಾಯಣಖೇಡಗಳು ಮತ್ತೊಂದು ಕಡೆಗೆ ಹೋಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಒಂದೇ ಮನೆತನದ ಹೊಲಗಳು ಎರಡು ರಾಜ್ಯಗಳಲ್ಲಿ ಬಿದ್ದವು. ಕಡೆಗೆ 1974ರ ಮಾರ್ಚ 1ರಿಂದ ಗೇಣಿಯ ಭೂಮಿಯೆಲ್ಲವೂ ಸರಕಾರದಲ್ಲಿ ನಿಹಿತವಾಗಿ ಉಳುವವನಿಗೆ ಸಲ್ಲತೊಡಗಿತು. ಅಲ್ಲಿಗೆ ವಾಡೆಯ ಹಿಂದಿದ್ದ ಸಂಪತ್ತು ತೀರಿ, ವಾಡೆಯೊಂದೇ ನಿಂತಿತು.

ಇದನ್ನು ಹೇಳುವಾಗ ನಾವು ಶೋಕದ ಧ್ವನಿಯನ್ನು ತೆಗೆಯಲಾರೆವು. ಹಗೆವಿನಲ್ಲಿ ತುಂಬಿದ ಜೋಳವು ಅನ್ಯರ ಬೆವರಿನದಾಗಿತ್ತು. ಗೋಡೆಯ ಕಲ್ಲನ್ನು ಹೊತ್ತವರಲ್ಲಿ ಬಿಟ್ಟಿ ದುಡಿದವರೇ ಬಹಳ ಜನ. ಆ ಹೆಬ್ಬಾಗಿಲಿನ ಮುಂದೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆದವರ ಮೊಮ್ಮಕ್ಕಳು ಇಂದು ಅದೇ ಊರಲ್ಲಿದ್ದಾರೆ. ವಾಡೆಯು ಬಿದ್ದುಹೋದರೆ ಬೀಳಲಿ ಎಂದು ಅವರಲ್ಲಿ ಯಾರಾದರೂ ಅಂದರೆ ಅದಕ್ಕೆ ಉತ್ತರ ಕೊಡುವ ಅಧಿಕಾರ ನಮಗಿಲ್ಲ. ಆದರೆ ಹೊತ್ತವರ ಶ್ರಮವೂ ಆ ಗೋಡೆಯಲ್ಲಿಯೇ ಇದೆ. ಅದನ್ನು ಕಟ್ಟಿಸಿದವನ ಹೆಸರು ಬಾಗಿಲ ಪಟ್ಟಿಯಲ್ಲಿ ಕೆತ್ತಿರಬಹುದು. ಕಟ್ಟಿದವರ ಗುರುತಾಗಿ ಉಳಿದಿರುವದು ಕಟ್ಟಡವೊಂದೇ.

ವಾಡೆಯು ಮಾರಾಟಕ್ಕೆ ಏಕೆ ಬರುತ್ತದೆಂಬದು ಸುಲಭವಾಗಿ ತಿಳಿಯುವ ಮಾತು. ಮಣ್ಣಿನ ಮಾಳಿಗೆಯು ಪ್ರತಿವರ್ಷ ಆರೈಕೆಯನ್ನು ಬೇಡುವದು. ಮಿರಗದ ಮಳೆಗೆ ಮುಂಚೆ ಅದರ ಮೇಲೆ ಸವಳುಮಣ್ಣನ್ನು ಹರಹಿ, ತುಳಿದು, ಇಳಿಜಾರನ್ನು ಸರಿಪಡಿಸಬೇಕು. ಒಂದು ವರ್ಷ ತಪ್ಪಿದರೆ ನೀರು ಜಂತಿಗೆ ಇಳಿಯುವದು. ಎರಡು ವರ್ಷ ತಪ್ಪಿದರೆ ಗೆದ್ದಲು ಹತ್ತುವದು. ಹತ್ತಾರು ಜನರು ವಾಸಿಸುತ್ತಿದ್ದಾಗ ಇದು ಹಬ್ಬದ ಕೆಲಸವಿದ್ದಂತೆ ನಡೆಯುತ್ತಿತ್ತು. ವೃದ್ಧ ದಂಪತಿಗಳಿಬ್ಬರೇ ಉಳಿದ ಮನೆಯಲ್ಲಿ ಅದನ್ನು ಮಾಡುವವರಾರು? ಇನ್ನೊಂದು ಕಾರಣವೂ ಉಂಟು. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ ನಮ್ಮ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸುಮಾರು 10,000 ಜನರು ಮೃತರಾದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದವರ ಮೇಲೆ ಬಿದ್ದವು. ಅಂದಿನಿಂದ ಈ ಭಾಗದ ಜನರಿಗೆ ಹಳೆಯ ಮನೆಯೆಂದರೆ ಭಯವು ಸೇರಿಕೊಂಡಿತು. ಆದರೆ ಅದೇ ಭೂಕಂಪದಲ್ಲಿ ಎಷ್ಟೋ ಕಡೆ ಗೋಡೆಗಳು ಕುಸಿದರೂ ಸಾಗವಾನಿಯ ಕಂಬ ತೊಲೆಗಳ ಚೌಕಟ್ಟು ನಿಂತೇ ಇದ್ದಿತೆಂಬ ಮಾತನ್ನು ಜನ ನೆನೆಯುವದು ಕಡಿಮೆ.

ವಿಚಿತ್ರವೆಂದರೆ ಈಗ ಹಣ ಬರುವದು ಆ ಚೌಕಟ್ಟಿಗೇ. ಊರಿನೊಳಗೆ ಇಡೀ ವಾಡೆಯನ್ನು ಕೊಳ್ಳುವವನು ನಿವೇಶನದ ಬೆಲೆಯನ್ನಷ್ಟೇ ಹೇಳುವನು, ಅದರಲ್ಲಿಯೂ ಗೋಡೆ ಕೆಡಹುವ ಖರ್ಚನ್ನು ಮುರಿದುಕೊಳ್ಳುವನು. ವ್ಯಾಪಾರಿಯಾದರೋ ಕಂಬಗಳನ್ನು ಎಣಿಸಿ, ತೊಲೆಗಳನ್ನು ಅಳೆದು, ಕೆತ್ತನೆಯ ಬಾಗಿಲಿಗೆ ಬೇರೆ ಬೆಲೆ ಕಟ್ಟುವನು. ಹೈದರಾಬಾದು ಇಲ್ಲಿಂದ ಕೆಲವೇ ತಾಸುಗಳ ಹಾದಿ. ಅಲ್ಲಿಯ ಹೊಸ ಬಂಗಲೆಗಳ, ಊಟದ ಗೃಹಗಳ ಶೋಭೆಗೆ ಹಳೆಯ ಕಂಬಗಳು ಬೇಕಾಗಿವೆ. ಹೀಗೆ ನಿಂತ ಮನೆಗಿಂತ ಬಿಚ್ಚಿದ ಮನೆಗೆ ಬೆಲೆ ಹೆಚ್ಚಾಯಿತು. ತಮಿಳು ದೇಶದ ಚೆಟ್ಟಿನಾಡಿನಲ್ಲಿಯೂ ಹೀಗೆಯೇ ಆಯಿತು. ಕಾರೈಕುಡಿಯ ಬೀದಿಗಳಲ್ಲಿ ಬಿಚ್ಚಿದ ಮನೆಗಳ ಬಾಗಿಲು, ಕಂಬ, ಪಾತ್ರೆ, ಭಾವಚಿತ್ರಗಳನ್ನು ಮಾರುವ ಅಂಗಡಿಗಳೇ ಸಾಲಾಗಿವೆ. ಪರರ ಅಜ್ಜಿಯ ಭಾವಚಿತ್ರವನ್ನು ಕೊಂಡೊಯ್ದು ಗೋಡೆಗೆ ತೂಗುಹಾಕುವವರ ರುಚಿಯನ್ನು ನಾವು ಅರಿಯೆವು.

ಕಳೆದ ಮಾಘಮಾಸದಲ್ಲಿ ನಮಗೆ ಪರಿಚಿತವಾದ ಒಂದು ಮನೆತನದವರು ತಮ್ಮ ವಾಡೆಯ ಕಾಗದಪತ್ರಗಳನ್ನು ಓದಿಕೊಡಬೇಕೆಂದು ಹೇಳಿಕಳುಹಿದರು. ಊರು ಔರಾದದ ಕಡೆಯದು; ಹೆಸರು ಬೇಡ. ಮೂವರು ಸೋದರರು, ಇಬ್ಬರು ಸೋದರಿಯರು. ಹಿರಿಯಣ್ಣನವರು ಪತ್ನಿಯೊಡನೆ ವಾಡೆಯಲ್ಲಿಯೇ ಇರುವರು. ತಮ್ಮಂದಿರಿಬ್ಬರು ಪರಸ್ಥಳಗಳಲ್ಲಿ ನೌಕರಿಯಲ್ಲಿದ್ದಾರೆ. ವ್ಯಾಪಾರಿಯೊಬ್ಬನು ಹೆಬ್ಬಾಗಿಲನ್ನೂ ಪಡಸಾಲೆಯ ಹದಿನಾರು ಕಂಬಗಳನ್ನೂ ಕೇಳಿ, ಇಸಾರವೆಂದು ಸ್ವಲ್ಪ ಹಣವನ್ನೂ ಕೊಟ್ಟುಹೋಗಿದ್ದನು. “ಮಾಳಗಿಗಿ ವರ್ಷಾ ಸವಳು ಹಾಕ್ಲಾಕ ಆಳು ಎಲ್ಲಿಂದ ತರಬೇಕ್ರಿ, ಗುರುಗಳೆ?” ಎಂದು ಹಿರಿಯರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಾವು ಕಾಗದಗಳ ಗಂಟನ್ನು ಬಿಚ್ಚಿದೆವು.

ಆ ಗಂಟುಗಳ ವಿಷಯವಾಗಿ ಒಂದು ಮಾತು. ನಿಜಾಮನ ಕಾಲದಲ್ಲಿ ಈ ಸೀಮೆಯ ದರಬಾರಿನ ಭಾಷೆ ಉರ್ದು, ಅದಕ್ಕಿಂತ ಹಿಂದೆ ಫಾರಸಿ. ಮನೆಯ ಲೆಕ್ಕಪತ್ರವು ಅನೇಕ ಕಡೆ ಮೋಡಿ ಲಿಪಿಯ ಮರಾಠಿಯಲ್ಲಿ. ಅಡಿಗೆಮನೆಯ ಮಾತು ಕನ್ನಡ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬದನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲರೂ ಬಲ್ಲರು. ಆದಕಾರಣ ಒಂದು ಮನೆಯ ಪತ್ರಗಳನ್ನು ಓದಲು ಇಬ್ಬರು ಮೂವರು ಕೂಡಬೇಕಾಗುವದು. ವರ್ಷಗಳು ಫಸಲಿಯವು, ಫಸಲಿಗೆ 590 ಅಥವಾ 591 ಕೂಡಿಸಿದರೆ ನಮ್ಮ ಇಸವಿ ದೊರೆಯುವದು. ಜಹಗೀರುಗಳನ್ನು ರದ್ದುಮಾಡಿದ ಕಾಯದೆಯ ಮೇಲೆ ಫಸಲಿ 1358 ಎಂದಿರುವದು, ಅದು 1949. ಇಷ್ಟನ್ನು ತಿಳಿಯದ ಮಕ್ಕಳು ಹಳೆಯ ದಫ್ತರವನ್ನು ತೂಕಕ್ಕೆ ಹಾಕಿಬಿಡುತ್ತಾರೆ. ವಾಡೆಯು ಹೋದರೂ ಹೋಗಲಿ, ದಫ್ತರವನ್ನು ಮಾತ್ರ ರದ್ದಿಯವನಿಗೆ ಕೊಡಬಾರದು. ಸಂಸ್ಥಾನದ ಕಾಲದ ಸರಕಾರಿ ಕಡತಗಳು ಹೈದರಾಬಾದಿನ ಪತ್ರಾಗಾರದಲ್ಲಿವೆ. ಹಳ್ಳಿಯ ಒಳಲೆಕ್ಕವು, ಯಾವ ಬರದಲ್ಲಿ ಯಾರಿಗೆ ಎಷ್ಟು ಜೋಳ ಕೊಟ್ಟರೆಂಬದು, ಇಂಥ ಗಂಟುಗಳಲ್ಲಲ್ಲದೆ ಬೇರೆಲ್ಲಿಯೂ ಸಿಕ್ಕದು.

ನಾವು ಓದಿದ ಗಂಟಿನಲ್ಲಿ ವಿಭಾಗಪತ್ರವೇ ಇರಲಿಲ್ಲ. ಅಂದರೆ ವಾಡೆಯು ಇನ್ನೂ ಅವಿಭಕ್ತ. ಹೀಗಿರುವಾಗ ಒಬ್ಬರು ಇಸಾರ ಹಿಡಿಯುವದು ಹೇಗೆ?

ಇಲ್ಲಿ ವಾಚಕರು ಸ್ವಲ್ಪ ಹಿಂದಕ್ಕೆ ಬರಬೇಕು. ಪಿತ್ರಾರ್ಜಿತ ಸ್ವತ್ತಿನ ವಿಷಯದಲ್ಲಿ ಬಂಗಾಲವೊಂದನ್ನುಳಿದು ಭಾರತದ ಬಹುಭಾಗದಲ್ಲಿ ನ್ಯಾಯಾಲಯಗಳು ಮನ್ನಿಸುತ್ತ ಬಂದ ಗ್ರಂಥವು ಮಿತಾಕ್ಷರೆ. ಅದು ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ವ್ಯಾಖ್ಯಾನ. ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ, ಅಂದರೆ 1076ರಿಂದ 1126ರ ನಡುವೆ. ಗ್ರಂಥಾಂತ್ಯದಲ್ಲಿ ಅವನು ಹೊಗಳುವ ಕಲ್ಯಾಣಪುರವು ನಮ್ಮ ಜಿಲ್ಲೆಯ ಇಂದಿನ ಬಸವಕಲ್ಯಾಣವೇ. ಕಾಶಿಯಿಂದ ಕನ್ಯಾಕುಮಾರಿಯವರೆಗೆ ಮನೆಗಳು ಹಂಚಿಕೆಯಾದ ನ್ಯಾಯವು ನಮ್ಮ ನೆರೆಯಲ್ಲಿಯೇ ಹುಟ್ಟಿತೆಂಬದನ್ನು ಇಲ್ಲಿಯ ವಾಡೆಯವರೇ ಅರಿಯದಿರುವದು ಸೋಜಿಗ.

ಸ್ಥಾವರ ಸ್ವತ್ತು ಒಬ್ಬನಿಂದ ಮತ್ತೊಬ್ಬನಿಗೆ ಸಲ್ಲಬೇಕಾದರೆ ಆರು ಸಂಗತಿಗಳು ಬೇಕೆಂಬ ಸ್ಮೃತಿವಚನವೊಂದನ್ನು ವಿಜ್ಞಾನೇಶ್ವರನು ಎತ್ತಿಕೊಂಡು ವಿವರಿಸುತ್ತಾನೆ. ಊರವರ ಸಮ್ಮತಿ, ಜ್ಞಾತಿಗಳ ಸಮ್ಮತಿ, ನೆರೆಹೊರೆಯವರ ಸಮ್ಮತಿ, ದಾಯಾದರ ಸಮ್ಮತಿ; ಆಮೇಲೆ ಹಿರಣ್ಯ, ಉದಕ. ಊರವರ ಸಮ್ಮತಿಯಿಲ್ಲದಿದ್ದರೆ ವ್ಯವಹಾರವೇ ಸಿದ್ಧಿಸದೆಂದು ಅವನು ಹೇಳುವದಿಲ್ಲ. ಮಾರಾಟವು ಗುಟ್ಟಾಗಿ ನಡೆಯದೆ ಎಲ್ಲರಿಗೂ ಪ್ರಕಾಶವಾಗಲೆಂದು ಅದನ್ನು ಕೇಳಬೇಕೆನ್ನುತ್ತಾನೆ. ನೆರೆಯವರನ್ನು ಕೇಳುವದು ಮೇರೆಯ ತಂಟೆ ಬಾರದಿರಲೆಂದು. ಹಿರಣ್ಯ ಉದಕಗಳ ಕಾರಣವು ಇನ್ನೂ ಸೂಕ್ಷ್ಮ: ಸ್ಥಾವರಕ್ಕೆ ವಿಕ್ರಯವೇ ನಿಷಿದ್ಧವಾದ್ದರಿಂದ, ಮಾರಲೇಬೇಕಾಗಿ ಬಂದಾಗ ಹೊನ್ನು ನೀರುಗಳೊಡನೆ ದಾನದ ರೂಪದಲ್ಲಿ ಕೊಡಬೇಕಂತೆ. ಇಂದಿನ ನೋಂದಣಿಯ ಕಚೇರಿಯಲ್ಲಿ ಹಿರಣ್ಯವು ಮುದ್ರಾಂಕಶುಲ್ಕವಾಗಿದೆ, ಉದಕವು ಬತ್ತಿದೆ. ಆದರೆ ಊರು, ಜ್ಞಾತಿ, ನೆರೆ, ದಾಯಾದರ ಪ್ರಶ್ನೆ ಹಾಗೆಯೇ ನಿಂತಿದೆ.

ದಾಯಾದರೆಂದರೆ ಯಾರು? ಮಿತಾಕ್ಷರೆಯ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮದಿಂದಲೇ ಸ್ವತ್ವ. ಮಗಳ ಮಾತು ಅಲ್ಲಿ ಹಿಂದಾಯಿತು. ಆ ಕೊರತೆಯನ್ನು ತುಂಬಲು ನಮ್ಮ ರಾಜ್ಯವು 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಮಾತ್ರ ಹಕ್ಕನ್ನು ಕೊಟ್ಟಿತು. 2005ರ ಸೆಪ್ಟೆಂಬರ 9ರಿಂದ ಇಡೀ ದೇಶದಲ್ಲಿ ಮದುವೆಯಾಗಲಿ ಆಗದಿರಲಿ ಮಗಳು ಮಗನಷ್ಟೇ ಹಕ್ಕುಳ್ಳವಳಾದಳು. ಆ ದಿನ ತಂದೆಯು ಜೀವಂತನಿರಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟಿನಲ್ಲಿ ತಳ್ಳಿಹಾಕಿತು. 2004ರ ಡಿಸೆಂಬರ 20ಕ್ಕೆ ಮುಂಚೆಯೇ ಸಕ್ರಮವಾಗಿ ವಿಭಾಗವೋ ಮಾರಾಟವೋ ಆಗಿದ್ದ ಸ್ವತ್ತನ್ನು ಮಾತ್ರ ಮತ್ತೆ ಕೆದಕಲಾಗದು. ವಾಡೆಯ ವಿಷಯದಲ್ಲಿ ಇನ್ನೊಂದು ನಿಯಮವಿತ್ತು: ವಾಸದ ಮನೆಯನ್ನು ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲನ್ನು ಕೇಳುವಂತಿರಲಿಲ್ಲ. ಆ ಕಲಮನ್ನೂ 2005ರಲ್ಲಿ ತೆಗೆದುಹಾಕಿದರು. ಉತ್ತರಾಧಿಕಾರದಿಂದ ಬಂದ ಪಾಲನ್ನು ಒಬ್ಬರು ಮಾರಹೊರಟರೆ ಉಳಿದ ವಾರಸುದಾರರಿಗೆ ಅದನ್ನು ಕೊಳ್ಳುವ ಮೊದಲ ಹಕ್ಕನ್ನು 1956ರ ಕಾಯದೆಯ 22ನೆಯ ಕಲಮು ಕೊಟ್ಟಿದೆ. ಇದನ್ನು ಬಲ್ಲವರು ವಿರಳ. ನಮ್ಮ ಜಿಲ್ಲೆಯ ಮುಸಲ್ಮಾನ ಮನೆತನಗಳಲ್ಲಿ ಮಗಳ ಪಾಲು ಮಗನ ಪಾಲಿನ ಅರ್ಧವೆಂದು ಧರ್ಮಗ್ರಂಥದಲ್ಲಿಯೇ ನಿಯತವಾಗಿದ್ದು, ಅದನ್ನು ನಿರಾಕರಿಸುವಂತೆಯೇ ಇಲ್ಲ.

ಇಷ್ಟಿದ್ದರೂ ನಡೆಯುವದೇನು? “ತವರಿನ ಬಾಗಿಲು ಮುಚ್ಚಬಾರದು” ಎಂಬ ಭಯದಿಂದ ಸೋದರಿಯರು ಓದದೆಯೇ ಸಹಿ ಮಾಡಿಬಿಡುತ್ತಾರೆ. ತವರಿನ ಬಾಗಿಲನ್ನೇ ಕಿತ್ತು ಲಾರಿಯ ಮೇಲೆ ಹೇರುವ ಪತ್ರಕ್ಕೆ ಹಾಗೆ ಸಹಿ ಮಾಡಿದವರನ್ನು ನಾವು ಕಂಡಿದ್ದೇವೆ.

ಆ ಬಾಗಿಲಿನ ವಿಷಯದಲ್ಲಿಯೂ ಕಾಯದೆಯುಂಟು. 1972ರ ಪ್ರಾಚೀನ ವಸ್ತುಗಳ ಕಾಯದೆಯ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದ, ಕಟ್ಟಡದಿಂದ ಕಿತ್ತು ತೆಗೆದ ವಸ್ತುವೂ ಪ್ರಾಚೀನ ವಸ್ತುವೇ. ಅಂಥವುಗಳ ವ್ಯಾಪಾರ ಮಾಡುವವನಿಗೆ ಪರವಾನಿಗೆ ಬೇಕು. ಖಾಸಗಿಯವರು ಅದನ್ನು ಪರದೇಶಕ್ಕೆ ಕಳುಹಿಸುವಂತಿಲ್ಲ. ಎಪ್ಪತ್ತೈದು ವರ್ಷ ಹಳೆಯದಾದ, ಐತಿಹಾಸಿಕ ಬೆಲೆಯುಳ್ಳ ಹಸ್ತಪ್ರತಿಗೂ ಇದೇ ನ್ಯಾಯ. ಇಸಾರ ಕೊಟ್ಟವನಿಗೆ ಪರವಾನಿಗೆಯನ್ನು ತೋರಿಸೆಂದು ಕೇಳಿದರೆ ಸಾಕು, ಎಷ್ಟೋ ವ್ಯವಹಾರಗಳು ಅಲ್ಲಿಯೇ ನಿಲ್ಲುವವು. ಆದರೆ ವಾಡೆಯನ್ನೇ ಕೆಡಹುವದನ್ನು ತಡೆಯುವ ಕಾಯದೆಯಿಲ್ಲ. ಬೀದರದ ಕೋಟೆ, 1472ರ ಮಹಮೂದ ಗಾವಾನನ ಮದರಸೆ, ಅಷ್ಟೂರಿನ ಗುಂಬಜಗಳು ಸರಕಾರದ ರಕ್ಷಣೆಯಲ್ಲಿವೆ. ಬೀದರ ನಗರವನ್ನು 2014ರಲ್ಲಿ ವಿಶ್ವ ಸ್ಮಾರಕ ನಿಧಿಯವರು ಕಾಳಜಿ ಬೇಕಾದ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿದ್ದರು. ಹಳ್ಳಿಯ ವಾಡೆಯು ಸಂರಕ್ಷಿತವೆಂದು ಘೋಷಿತವಾಗದಿದ್ದರೆ ಅದರ ರಕ್ಷಣೆ ಒಡೆಯರ ಮನಸ್ಸಿಗೆ ಬಿಟ್ಟದ್ದು.

ಹಾಗಾದರೆ ಯಾರಿಗೆ ಮಾರಬೇಕು? ರಾಜಸ್ಥಾನದ ನೀಮರಾಣಾ ಕೋಟೆಯು ಪಾಳುಬಿದ್ದಿದ್ದಾಗ ಕೆಲವರು ಕೊಂಡು ಸರಿಪಡಿಸಿ, 1991ರಲ್ಲಿ ಅತಿಥಿಗೃಹವನ್ನಾಗಿ ತೆರೆದರು. ದಿಲ್ಲಿಯ ಹೆದ್ದಾರಿಯ ಮಗ್ಗುಲಿನಲ್ಲಿ ಇದು ಸಾಧ್ಯ. ಔರಾದದ ಎರೆಹೊಲಗಳ ನಡುವೆ ಅತಿಥಿಗಳನ್ನು ಎಲ್ಲಿಂದ ತರೋಣ? ಮಣಿಪಾಲದ ವಿಜಯನಾಥ ಶೆಣೈಯವರು ಕೆಡವಲು ಹೊರಟ ಮನೆಗಳನ್ನು ಕೊಂಡು, ಬಿಚ್ಚಿ, ಗುರುತು ಹಾಕಿ, ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಮುಧೋಳದ ಅರಮನೆಯ ದರಬಾರ ಹಾಲು, ಕುಂದಾಪುರದ ಹರ್ಕೂರು ಮನೆ, ದಖ್ಖಣದ ನವಾಬರ ಮಹಲು ಅಲ್ಲಿ ಕೂಡಿವೆ. ಆ ಮಹನೀಯರ ಸಾಹಸಕ್ಕೆ ನಾವು ತಲೆಬಾಗುತ್ತೇವೆ. ಆದರೂ ಅಲ್ಲಿ ಉಳಿದದ್ದು ಮನೆ. ಊರಿಗೆ ಉಳಿದದ್ದು ಬಯಲು. ಬೇರೆ ಗತಿಯೇ ಇಲ್ಲದಾಗ ಮಾತ್ರ ಅದು ಸಲ್ಲುವ ಉಪಾಯ.

ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು ಊರನ್ನೇ. ನಾವು ಮಾಸ್ತರಿಕೆಗೆ ಸೇರಿದ ಹೊಸದರಲ್ಲಿ ಪಾಠ ಹೇಳಿದ್ದು ಒಂದು ವಾಡೆಯ ಪಡಸಾಲೆಯಲ್ಲಿ, ಶಾಲೆಗೆ ಕೋಣೆಗಳಿರಲಿಲ್ಲ. ಗ್ರಂಥಾಲಯಕ್ಕೆ, ಸ್ತ್ರೀಯರ ಸಂಘಕ್ಕೆ, ಬಾಲವಾಡಿಗೆ ಸ್ಥಳವಿಲ್ಲವೆಂದು ಗ್ರಾಮ ಪಂಚಾಯತಿಗಳು ಹೇಳುತ್ತಲೇ ಇರುತ್ತವೆ. ಅದೇ ಊರಿನಲ್ಲಿ ನಲವತ್ತು ಜನರು ಕೂಡುವ ಪಡಸಾಲೆಗೆ ಬೀಗ ಬಿದ್ದಿರುತ್ತದೆ. ಇಡೀ ವಾಡೆಯು ಭಾರವಾದರೆ ಮುಂಭಾಗವೊಂದನ್ನಾದರೂ ಕೊಡಬಹುದು. ಕೊಡುವದಕ್ಕೆ ಮುಂಚೆ ಪಂಚಾಯತಿಯ 9 ಮತ್ತು 11ನೆಯ ನಮೂನೆಗಳೂ ಋಣಭಾರದ ಪ್ರಮಾಣಪತ್ರವೂ ಕೈಯಲ್ಲಿರಬೇಕು. ಗಾಂವಠಾಣದೊಳಗಿನ ಹಳೆಯ ಮನೆಗಳಿಗೆ ಮೋಜಣಿಯೇ ಆಗಿರದೆ ಬಹಳ ತೊಡಕಿತ್ತು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಆಕಾಶದಿಂದ ಅಳತೆ ಮಾಡಿ ಹಕ್ಕುಪತ್ರ ಕೊಡುವ ಕ್ರಮ ಬಂದಿದೆ.

ಮೇಲೆ ಹೇಳಿದ ಮನೆತನದಲ್ಲಿ ಯುಗಾದಿಯ ಮರುದಿನ ಐವರೂ ಕೂಡಿದರು. ಹಿರಿಯ ಅಕ್ಕನವರು ಕಾಗದಗಳ ತಾತ್ಪರ್ಯವನ್ನು ನಮ್ಮಿಂದ ಎರಡು ಸಲ ಹೇಳಿಸಿದರು. ಆಮೇಲೆ ತಮ್ಮಂದಿರ ಕಡೆಗೆ ತಿರುಗಿ, “ನನಗ ರೊಕ್ಕ ಬ್ಯಾಡ. ನನ್ನ ಪಾಲು ಅಂತ ಬಾಗಲಾ, ಪಡಸಾಲಿ ಬಿಡ್ರಿ” ಎಂದರು. ಕಿರಿಯ ತಂಗಿಗೆ ಹಣದ ಅವಶ್ಯಕತೆಯಿತ್ತು. ಅವರದನ್ನು ಅವರು ಮರೆಮಾಚದೆ ಹೇಳಿದರು, ಅದೂ ನ್ಯಾಯವೇ. ಅವರ ಪಾಲನ್ನು ನಡುವಿನ ತಮ್ಮ ಕೊಳ್ಳುವದೆಂದು ಮಾತಾಗಿದೆ, ಬೆಲೆ ಇನ್ನೂ ಗೊತ್ತಾಗಿಲ್ಲ. ವ್ಯಾಪಾರಿಯ ಇಸಾರವನ್ನು ತಿರುಗಿ ಕೊಟ್ಟರು. ಪಡಸಾಲೆಯನ್ನು ಗ್ರಂಥಾಲಯಕ್ಕೆ ಹತ್ತು ವರ್ಷ ಬಿಡುವ ವಿಷಯವು ಪಂಚಾಯತಿಯ ಮುಂದಿದೆ. ಸಭೆಯಲ್ಲಿ ಒಬ್ಬ ಸದಸ್ಯರು, ತಮ್ಮ ಅಜ್ಜ ಆ ಪಡಸಾಲೆಯನ್ನು ಹತ್ತಿರಲಿಲ್ಲ, ತಮ್ಮ ಮಕ್ಕಳು ಅಲ್ಲಿ ಕುಳಿತು ಓದುವದಾದರೆ ಮಾತ್ರ ತಾವು ಒಪ್ಪುವದಾಗಿ ಹೇಳಿದರಂತೆ. ಹಿರಿಯಣ್ಣನವರು ಅದನ್ನು ನಮಗೆ ತಿಳಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೋಬ್ಬರಿ ಅಂದಾನ” ಎಂದರು.

ಮಿರಗಕ್ಕೆ ಇನ್ನು ಇಪ್ಪತ್ತು ದಿನಗಳಿವೆ. ಸವಳುಮಣ್ಣು ಎರಡು ಟ್ರ್ಯಾಕ್ಟರು ಬಂದು ಅಂಗಳದಲ್ಲಿ ಬಿದ್ದಿದೆಯೆಂದೂ, ಆಳುಗಳ ಕೂಲಿಯ ಚೌಕಾಶಿ ನಡೆದಿದೆಯೆಂದೂ ನಿನ್ನೆ ಹೇಳಿಕಳುಹಿದ್ದಾರೆ.